ಸೋದರಮಾವನ ತೊಡೆ, ದೊಡ್ಡವ್ವನ ಬೆಲ್ಲ

ನಮ್ಮಂಥವರ ಕಥೆ ಅಂದರೆ ಸಾಕು, ಕೇಳೋರು ಮೊದಲೇ ಮುಖ ಬಾಡಿಸಿಕೊಂಡು ಕೂತುಬಿಡುತ್ತಾರೆ. ಅಯ್ಯೋ, ಅಳೋಕೆ ನಂಗೆಲ್ಲಿ ಪುರುಸೊತ್ತು? ಬೆಳಿಗ್ಗೆ ಬಸ್ಸು ಹತ್ತಿದರೆ ಒಂದಲ್ಲ ಒಂದು ಫಜೀತಿ ನನಗೆ ಸೀಟು ಹಿಡಿದುಕೊಂಡೇ ಕೂತಿರುತ್ತೆ.

ಊರು ನನ್ನನ್ನ ಗಂಡು ಅಂತ ಬೆಳೆಸಿತು, ನಾನು ಹೆಣ್ಣಾಗಿ ಬೆಳೆದೆ. ಪಾಂಡವಪುರದಲ್ಲಿ ನಮ್ಮದೊಂದು ಪುಟ್ಟ ಸಂಘ ಇದೆ. ಶ್ರೀರಂಗಪಟ್ಟಣ, ಕೆ.ಆರ್. ಪೇಟೆ, ನಾಗಮಂಗಲದ ಹಳ್ಳಿಗಳಿಗೆಲ್ಲ ಹೋಗಿ, "ನಾವೂ ನಿಮ್ಮ ಮನೆ ಮಕ್ಕಳೇ ಕಣ್ರಪ್ಪ, ಇದೇನು ಕಾಯಿಲೆ ಅಲ್ಲ" ಅಂತ ತಿಳಿಹೇಳೋದು ನನ್ನ ಕೆಲಸ. ನಾಲ್ಕು ತಾಲ್ಲೂಕಿಗೆ ತಿಳಿಹೇಳಿದೋಳಿಗೆ ಬೂಕನಕೆರೆ ಹತ್ತಿರದ ನಮ್ಮ ಮನೆಗೆ ಹೇಳೋಕಾಗಲಿಲ್ಲ. ನಾನು ಸೀರೆ ಉಟ್ಟ ಮೇಲೆ ಆರು ವರ್ಷ ಅವ್ವ ನನ್ನನ್ನ ಮನೆಗೆ ಕರೆಯಲಿಲ್ಲ. ಫೋನಿನಲ್ಲಿ "ಉಂಡ್ಯಾ?" ಅನ್ನೋಳು, ಅಷ್ಟೇ. ಆ ಕೊರಗು ಒಂದು ಬಿಟ್ಟರೆ ಉಳಿದಿದ್ದೆಲ್ಲ ನಗೋ ವಿಷಯವೇ.

ಹಳೇ ಫೋಟೋ

ಬಸ್ಸಲ್ಲಿ ಹೆಂಗಸರಿಗೂ ನಮಗೂ ಟಿಕೆಟ್ಟು ಪುಕ್ಕಟೆ. ಆಧಾರ್ ಕಾರ್ಡು ತೋರಿಸಬೇಕು. ನನ್ನ ಕಾರ್ಡಿನದು ಹಳೇ ಫೋಟೋ, ಅದರಲ್ಲಿ ಒಳ್ಳೆ ದಪ್ಪ ಮೀಸೆ.

ಶ್ರೀರಂಗಪಟ್ಟಣದಲ್ಲಿ ಹತ್ತಿದ ದಿನ ಕಂಡಕ್ಟರು ಕಾರ್ಡು ನೋಡಿದರು, ನನ್ನ ನೋಡಿದರು, ಮತ್ತೆ ಕಾರ್ಡು ನೋಡಿದರು.

"ಇದ್ಯಾರು?"

"ನಾನೇ ಸಾರ್."

"ಇದ್ರಲ್ಲಿ ಮೀಸೆ ಐತಲ್ಲಮ್ಮ?"

"ಆಗ ಇತ್ತು ಸಾರ್, ತೆಗೆದೆ."

ಬಸ್ಸಿಗೆ ಬಸ್ಸೇ ತಿರುಗಿ ನೋಡಿತು. ಭೂಮಿ ಬಾಯಿ ಬಿಡಬಾರದಾ ಅನ್ನಿಸಿತು ನಂಗೆ. ಪಕ್ಕದಲ್ಲಿ ಸೊಪ್ಪಿನ ಕುಕ್ಕೆ ಇಟ್ಟುಕೊಂಡಿದ್ದ ಅಜ್ಜಿ ಮಾತ್ರ ಸುಮ್ಮನಿರಲಿಲ್ಲ.

"ಏನ್ಲಾ ಅಂಗ್ ನೋಡೀಯೆ? ಎಲ್ಲಿ, ನಿನ್ ಕತ್ತಲ್ಲಿರೋ ಕಾರ್ಡ್ ತೋರ್ಸು!"

ಆತ ಬೇಡ ಬೇಡ ಅಂದರೂ ಅಜ್ಜಿ ಬಿಡದೆ ಎಳೆದು ನೋಡಿದಳು. ಫೋಟೋದಲ್ಲಿ ಆತನಿಗೆ ತಲೆ ತುಂಬ ಗುಂಗುರು ಕೂದಲು. ಎದುರಿಗೆ ನಿಂತಿದ್ದ ತಲೆಯಲ್ಲಿ ಬೆಳಗಿನ ಬಿಸಿಲು ಹೊಳೀತಿತ್ತು.

ಅಜ್ಜಿ ಅಂದಳು: "ನಿನ್ ಕೂದ್ಲು ಓದ್ರೆ ಸರಿ, ಇವ್ಳ ಮೀಸೆ ಓದ್ರೆ ತೆಪ್ಪಾ? ಕೊಡ್ಲಾ ಟಿಕೇಟಾ!"

ಸಂಘದಲ್ಲೊಂದು ಸಂಬಂಧ

ನಾಗಮಂಗಲದ ಕಡೆಯ ಒಂದು ಹಳ್ಳಿ, ಮಹಿಳಾ ಸಂಘದ ಸಭೆ. ನನ್ನ ಜತೆ ನಮ್ಮ ಸಂಘದವರೇ ಆದ ಹೈಸ್ಕೂಲು ಮೇಷ್ಟ್ರು ಬಂದಿದ್ದರು. ಅವರಿಗೆ ಗಂಡಸರ ಮೇಲೇ ಮನಸ್ಸು, ಅದನ್ನ ಮುಚ್ಚುಮರೆ ಇಲ್ಲದೆ ಹೇಳೋರು. ಬೋರ್ಡಿನ ಮೇಲೆ ಬರೆದು, ಪಾಠ ಮಾಡಿದ ಹಾಗೆ ಒಂದು ಗಂಟೆ ಬಿಡಿಸಿ ಹೇಳಿದರು. ಹೆಂಗಸರೆಲ್ಲ ತಲೆ ಆಡಿಸಿದರು. ನಂಗೂ ಹೆಮ್ಮೆ.

"ಏನಾದ್ರೂ ಕೇಳೋದಿದ್ರೆ ಕೇಳಿ" ಅಂದರು ಮೇಷ್ಟ್ರು.

ಒಬ್ಬ ಯಜಮಾನಮ್ಮ ಎದ್ದು ನಿಂತರು. "ಎಲ್ಲಾ ಅರ್ಥ ಆಯ್ತು ಕಣಪ್ಪ. ಮದ್ವೆ ಆಗೈತಾ ನಿಂಗೆ? ನನ್ ತಂಗಿ ಮಗ್ಳೊಬ್ಳು ಅವ್ಳೆ, ಬಂಗಾರದಂಥ ಹೆಣ್ಣು."

ಮೇಷ್ಟ್ರು ನನ್ನ ಮುಖ ನೋಡಿದರು. ನಾನು ಸೆರಗು ಬಾಯಿಗೆ ಅಡ್ಡ ಇಟ್ಟುಕೊಂಡೆ. "ಅಮ್ಮಾ, ಇಷ್ಟೊತ್ತು ಹೇಳಿದ್ದು ನನ್ನ ವಿಷಯಾನೇ. ನಾನು ಹುಡುಗೀನ ಮದುವೆ ಆಗೋನಲ್ಲ" ಅಂದರು ಮೇಷ್ಟ್ರು.

ಯಜಮಾನಮ್ಮ ಎಲೆಅಡಿಕೆ ಆ ಕೆನ್ನೆಯಿಂದ ಈ ಕೆನ್ನೆಗೆ ಹೊರಳಿಸಿದರು.

"ಓಗ್ಲಿ ಬುಡು. ಗಂಡಾದ್ರೆ ಗಂಡು. ನಮ್ ಕಡೇಲೂ ವಿಚಾರುಸ್ತೀನಿ. ಅದ್ಸರಿ ಮೇಷ್ಟ್ರೇ, ನೀವು ನಮ್ ಜನಾನೇ ತಾನೆ?"

ಕಿವಿ ಚುಚ್ಚೋ ದಿನ

ಹೋದ ವರ್ಷ ಅವ್ವ ಫೋನು ಮಾಡಿದಳು. "ಉಂಡ್ಯಾ" ಆದಮೇಲೂ ಇಡಲಿಲ್ಲ.

"ನಿನ್ ತಂಗಿ ಮಗೀಗೆ ಕಿವಿ ಚುಚ್ಚುಸ್ಬೇಕು. ಸೋದರಮಾವನ ತೊಡೆ ಮ್ಯಾಲೆ ಕೂರುಸ್ಬೇಕಲ್ಲ. ಅವ್ಳಿಗೆ ಇನ್ಯಾರವ್ರೆ? ನೀನೇ ಬಾ."

ಆರು ವರ್ಷಕ್ಕೆ ಬಂದ ಕರೆ! ಆದರೆ ಕರೆದಿದ್ದು ಮಾವನನ್ನ. ಹೋಗಬೇಕು ಅನ್ನೋ ಆಸೆ ಎಷ್ಟೋ, ಮಾವ ಅನ್ನಿಸಿಕೊಳ್ಳೋ ಸಂಕಟವೂ ಅಷ್ಟೇ.

"ಅವ್ವಾ, ನಾನು ಸೀರೆ ಉಟ್ಕೊಂಡೇ ಬರೋದು."

ಅವ್ವ ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. "ಮೊದ್ಲು ಬಾ" ಅಂದಳು.

ಹಸಿರು ರೇಷ್ಮೆ ಸೀರೆ ಉಟ್ಟು, ಮಗೀಗೆ ಓಲೆ ತಗೊಂಡು ಹೋದೆ. ಹಜಾರದಲ್ಲಿ ನೆಂಟರೆಲ್ಲ ಕೂತಿದ್ದರು. ಕಿವಿ ಚುಚ್ಚೋ ಆಚಾರ್ರು ಚಿನ್ನದ ತಂತಿ ಹಿಡಿದು ಸಿದ್ಧವಾಗಿದ್ದರು. ನಾನು ಮಣೆ ಮೇಲೆ ಕೂತದ್ದೇ ತಡ, ದೊಡ್ಡಪ್ಪ ಎದ್ದರು.

"ಸೀರೆ ಉಟ್ಟೋರು ಸೋದರಮಾವ ಎಂಗಾದಾರು? ಶಾಸ್ತ್ರ ಅನ್ನೋದು ಬ್ಯಾಡ್ವಾ?"

ಚಿನಕುರಳಿಯಿಂದ ಬಂದಿದ್ದ ಬೀಗರು, "ಒಂದ್ ಪಂಚೆ ಕೊಡಿ, ಸೀರೆ ಮ್ಯಾಲೇ ಸುತ್ಕೊಳ್ಲಿ" ಅಂತ ರಾಜಿಗೆ ಬಂದರು. ಒಬ್ಬರು ದೂರದ ಮಾವನನ್ನ ಕರೆಸಿ ಅಂದರು. ಇನ್ನೊಬ್ಬರು ಒಳ್ಳೆ ಗಳಿಗೆ ಮೀರುತ್ತೆ ಅಂದರು.

ಆಚಾರ್ರಿಗೆ ರೇಗಿಹೋಯಿತು. "ಸ್ವಾಮಿ, ಮೂವತ್ ವರ್ಸದಿಂದ ಚುಚ್ತಾ ಇವ್ನಿ. ಒಂದಿನಾನೂ ತೊಡೆ ನೋಡ್ದೋನಲ್ಲ, ಕಿವಿ ನೋಡೋನು ನಾನು!"

ನಂಗೆ ನಗು ಬರಲಿಲ್ಲ. ಎದ್ದು ಬಸ್‌ಸ್ಟ್ಯಾಂಡಿಗೆ ಹೋಗಿಬಿಡೋಣ ಅಂತ ಸೆರಗು ಸರಿಮಾಡಿಕೊಂಡೆ. ಅಷ್ಟರಲ್ಲಿ ಮಗು ಅಂಬೆಗಾಲಿಟ್ಟು ಬಂದು, ನನ್ನ ಗಾಜಿನ ಬಳೆ ಹಿಡಕೊಂಡು, ತೊಡೆ ಹತ್ತಿ ಕೂತೇಬಿಡ್ತು. ಯಾರೋ ಎತ್ತಿಕೊಳ್ಳೋಕೆ ಬಂದರೆ ಬಳೆ ಬಿಡಲೊಲ್ಲದು.

ಅವ್ವ ಅಡುಗೆಮನೆಯಿಂದ ಬಂದಳು, ಕೈಯಲ್ಲಿ ಮಗೀಗೆ ಅಂತ ಬೆಲ್ಲದ ಅಚ್ಚು. ಒಂದು ಗಳಿಗೆ ನಮ್ಮಿಬ್ಬರನ್ನೂ ನೋಡಿದಳು.

"ಮಾವನ ತೊಡೆ ಇಲ್ದಿದ್ರೆ ಬ್ಯಾಡ ಬುಡಿ. ನನ್ ದೊಡ್ಡ ಮಗ್ಳ ತೊಡೆ ಐತೆ. ಆಚಾರ್ರೇ, ಚುಚ್ಚಿ ನೀವು."

ದೊಡ್ಡ ಮಗಳು! ಆರು ವರ್ಷ ಕಾದ ಮಾತು. ಆಚಾರ್ರು ಮತ್ತೆ ಯಾರ ಅಪ್ಪಣೆಗೂ ಕಾಯದೆ ಎರಡು ಕಿವಿಗೂ ಚುಚ್ಚಿ ಮುಗಿಸಿದರು. ಮಗು ಒಂದು ಸಲ ಕಿರುಚಿ, ಬಳೆ ಆಡಿಸುತ್ತಾ ಸುಮ್ಮನಾಯಿತು. ನಾನು ಸುಮ್ಮನಾಗಲಿಲ್ಲ. ಮನೆ ಸೂರು ಹಾರಿಹೋಗೋ ಹಾಗೆ ಗೋಳೋ ಅಂತ ಅತ್ತೆ. ತಂಗಿ ಸಮಾಧಾನ ಮಾಡಿದಳು, ಬೀಗರು ನೀರು ಕೊಟ್ಟರು. ಏನು ಮಾಡಿದರೂ ನಿಲ್ಲಲೇ ಇಲ್ಲ.

ಅವ್ವ ಬೆಲ್ಲ ಹಿಡಿದು ಮಗೀನ ಕಡೆ ಬಗ್ಗಿದಳು. ಇಷ್ಟೊತ್ತು ಶಾಸ್ತ್ರ ಹೇಳಿದ ದೊಡ್ಡಪ್ಪನೇ ತಡೆದರು.

"ಮಗಾ ಆವಾಗ್ಲೇ ಸುಮ್ಕಾಯ್ತು ಕಣವ್ವ. ಮೊದ್ಲು ಅದ್ರ ದೊಡ್ಡವ್ವನ ಬಾಯಿಗೆ ಬೆಲ್ಲ ಆಕು!"