ಗುಡೂರೇ ವಾರಸುದಾರ

ನಮ್ಮ ಸೋದರಮಾವನಿಗೆ ದೇವರ ಮೇಲೂ ಪೂರ್ತಿ ಭರವಸೆ ಇರಲಿಲ್ಲ. "ಜಗತ್ತು ಮಾಡ್ಯಾನ ಖರೆ, ಬ್ಯಾಕಪ್ ಎಲ್ಲಿ ಇಟ್ಟಾನ?" ಎಂದು ಕೇಳುವ ಆಸಾಮಿ! ಇಳಕಲ್ಲಿನ ನೇಕಾರರ ಸಂಘವೊಂದಕ್ಕೆ ಆಗಷ್ಟೇ ಬಂದಿದ್ದ ಕಂಪ್ಯೂಟರ್ ಅವನ ಕೈಯಲ್ಲಿತ್ತು. ಸಂಜೆಯಾದರೆ ಸದಸ್ಯರ ವಿವರವನ್ನೆಲ್ಲ ಸಿಡಿಗೆ ಇಳಿಸಿ, ಮನೆಗೆ ತಂದು ಜೋಳದ ಹಿಟ್ಟಿನ ಡಬ್ಬಿಯಲ್ಲಿ ಹುಗಿದಿಡುತ್ತಿದ್ದ.

"ಇದನ್ನೂ ಬಡೀಲೇನ್ರಿ?" ಎನ್ನುತ್ತಿದ್ದಳು ರೊಟ್ಟಿಗೆ ಕೂತ ಅತ್ತೆ.

ಸಂಘದಲ್ಲಿ ಒಂದು ತಾಯಿ ಪಟ್ಟಿ. ಅದರ ಕೆಳಗೆ ಕೈಮಗ್ಗದ್ದು, ಪವರ್‌ಲೂಮಿನದು ಎಂದು ಎರಡು ಮಕ್ಕಳ ಪಟ್ಟಿ. ತಾಯಿಗೆ ಕಾಲಂ ಸೇರಿಸಿದರೆ ಮಕ್ಕಳಿಗೂ ತಾನಾಗಿ ಬರುತ್ತಿತ್ತು. ಆಡಳಿತ ಮಂಡಳಿ ಕೇಳಿತೆಂದು ಮಾವ ತಾಯಿಗೆ 'ವಾರಸುದಾರ' ಎಂಬ ಕಾಲಂ ಸೇರಿಸಿದ. ಮಕ್ಕಳ ಪಟ್ಟಿಯಲ್ಲಿ ಅದು ಹೆಸರು, ಊರು, ಮಗ್ಗ ಎಲ್ಲ ಆದಮೇಲೆ ಕಟ್ಟಕಡೆಗೆ ಹೋಗಿ ಕೂತಿತು.

ಆ ಮಳೆಗಾಲ ಸಿಡಿಲಿಗೆ ಕಂಪ್ಯೂಟರ್ ಸುಟ್ಟಿತು. ಎಲ್ಲರೂ ತಲೆಯ ಮೇಲೆ ಕೈ ಹೊತ್ತಿದ್ದರೆ ಮಾವ ಮದುವಣಿಗನಂತೆ ಸಿಡಿ ಹಿಡಿದು ಬಂದ! ಆದರೆ ಹೊಸ ಯಂತ್ರದಲ್ಲಿ ಪಟ್ಟಿಗಳು ಮತ್ತೆ ಹುಟ್ಟುವಾಗ, ತಾಯಿಯಿಂದ ಬಂದದ್ದೆಂದು ಆ ಕಾಲಂ ಮುಂದೆ ಸರಿದು ಸದಸ್ಯನ ಹೆಸರಿನ ಪಕ್ಕ ನಿಂತಿತು. ವಿವರಗಳು ಮಾತ್ರ ಹಳೆಯ ಕ್ರಮದಲ್ಲೇ ಬಂದು ಬಿದ್ದವು. ಗಮನಿಸಿದವರು ಯಾರು? ಗುಮಾಸ್ತರು ಅದರ ಮೇಲೇ ತಿದ್ದುತ್ತ, ತುಂಬುತ್ತ ಹೋದರು.

ಕೊನೆಗೊಬ್ಬ ನೇಕಾರ ಸಂಘ ಕೊಟ್ಟ ಚೀಟಿ ಹಿಡಿದು ಬಂದ. "ಸಾಹೇಬ್ರ, ನನ್ನ ಊರು ಕೈಮಗ್ಗ ಅಂತ ಐತಿ. ವಾರಸುದಾರ ಗುಡೂರಂತ. ಆತು, ಊರಿಗೂರ ನನ್ನ ಆಸ್ತಿ ತಿನ್ಲಿ. ಆದ್ರ ನನ್ನ ಹೇಣ್ತಿ ಗಂಗವ್ವ ಮಗ್ಗ ಹೆಂಗ ಆದ್ಲ್ರಿ?"

ಎಲ್ಲರೂ ನಕ್ಕರು. ಮಾವ ನಗಲಿಲ್ಲ. ದಿನಾ ಅದೇ ಸಿಡಿಗೆ ಇಳಿಸಿದ್ದರಿಂದ ಡಬ್ಬಿಯೊಳಗೂ ಹಳತೂ ಹೊಸತೂ ಕಲೆತು, ಯಾವುದು ಸರಿಯೆಂದು ಬಿಡಿಸಲು ಬರದಂತಾಗಿತ್ತು. ಮಂಡಳಿ ಕಂಪ್ಯೂಟರ್ ಕೋಣೆಯ ಕೀಲಿ ಕಸಿದುಕೊಂಡಿತು. ಮಾವನ ಊಟ ತಗ್ಗಿತು. ಒಂದು ಬೆಳಿಗ್ಗೆ, ಮನೆಮನೆಗೆ ಹೋಗಿ ಕೇಳಿ ಬರೆದುಕೊಂಡು ಬರುತ್ತೇನೆಂದು ಹೊರಟುಬಿಟ್ಟ. ಗಾಬರಿಯಾದ ಅತ್ತೆ ನನ್ನನ್ನು ಜೊತೆಗೆ ಅಟ್ಟಿದಳು.

ಗುಡೂರಿನಲ್ಲಿ ಮುದುಕಿಯೊಬ್ಬಳು ಮಗ್ಗದಲ್ಲಿ ಕೂತಿದ್ದಳು.

"ಯವ್ವಾ, ನಿನ್ನ ವಾರಸುದಾರ ಯಾರು?"

"ನಮ್ಮ ಮನಿಯವ್ರು."

"ಹೆಸರು?"

ಆಕೆ ತಲೆ ತಗ್ಗಿಸಿದಳು. ಗಂಡನ ಹೆಸರನ್ನು ಎಂದೂ ಬಾಯಿಬಿಟ್ಟು ಹೇಳಿದವಳಲ್ಲ. ಪಕ್ಕದ ಮನೆಯವಳು ಬಾಗಿಲಿಂದ, "ಅವ್ರು ಹ್ವಾದ ತಿಂಗಳ ತೀರ್ಕೊಂಡ್ರ್ರಿ. ಮಗಳ ಹೆಸರು ಬರ್ಕೋರಿ" ಎಂದಳು.

ಮುದುಕಿ ಲಾಳಿ ಕೆಳಗಿಟ್ಟಳು. "ಮಗಳದೂ ಬರೀರಿ. ಮೊದಲ ಅವ್ರದು."

ಸೆರಗನ್ನು ಬಾಯಿಗೆ ಒತ್ತಿಕೊಂಡು, "ಮಲ್ಲಪ್ಪ" ಎಂದಳು.

ತೀರಿಕೊಂಡವರ ಹೆಸರು ಬರೆಯುವಂತಿರಲಿಲ್ಲ. ಮಾವ ಬರೆದ.

"ಏನ್ ಬರದ್ರಿ? ಓದ್ರಿ."

"ಮಲ್ಲಪ್ಪ."

"ಇನ್ನೊಮ್ಮೆ ಓದ್ರಿ."

ಆಕೆ ಸಾಕೆನ್ನುವವರೆಗೂ ಮಾವ ಓದುತ್ತಲೇ ಇದ್ದ.