ಆರು ವರ್ಷದ ಮೊಣಕೈ

ನಮ್ಮ ಸೋದರತ್ತೆಗೆ ಮೊಣಕೈ ನೋವು. ಆದರೆ ಆ ಮೊಣಕೈ ಅವರದಲ್ಲ.

ಅದರ ಒಡೆಯ ಆರಡಿಗೂ ಮೀರಿ ಬೆಳೆದ, ಕೆಂಚು ಗಡ್ಡದ ಒಬ್ಬ ಬೇಸ್‌ಬಾಲ್ ಆಟಗಾರ. ಅವನು ಅತ್ತೆಯನ್ನು ಕಂಡವನಲ್ಲ, ಕೇಳಿದವನಲ್ಲ. ತನ್ನ ಬಲಗೈ ನೆನೆದು ಷಿಕಾಗೋ ಪಕ್ಕದ ಹಾಫ್‌ಮನ್ ಎಸ್ಟೇಟ್ಸ್‌ನ ಒಂದು ಮನೆಯಲ್ಲಿ ಮೈಸೂರಿನ ಹೆಂಗಸೊಬ್ಬರು ಅನ್ನ ಕಲಸಿದ ಕೈಯನ್ನು ಹಾಗೇ ಹಿಡಿದು ಕೂತಿರುತ್ತಾರೆ ಎಂದು ಅವನಿಗೆ ಗೊತ್ತಾದರೆ ಸಂತೋಷಪಡುತ್ತಾನೋ, ಪೊಲೀಸರಿಗೆ ಫೋನ್ ಮಾಡುತ್ತಾನೋ ಹೇಳುವುದು ಕಷ್ಟ.

ಅತ್ತೆ ಅರಿವಳಿಕೆ ಡಾಕ್ಟರು. ಆಪರೇಷನ್‌ಗೆ ಮೊದಲು ಸೂಜಿ ಚುಚ್ಚಿ ಮಲಗಿಸುವವರು. ವೃತ್ತಿಜೀವನವಿಡೀ ಷಿಕಾಗೋದ ಜನರನ್ನು ಮಲಗಿಸಿದ ಮೇಲೆ, ನಿವೃತ್ತರಾಗಿ ತಾವು ನೆಮ್ಮದಿಯಾಗಿ ಮಲಗಬಹುದಿತ್ತು. ಅದರ ಬದಲು ಬೇಸ್‌ಬಾಲ್ ಹಿಡಿದರು, ನಿದ್ದೆ ಹೋಯಿತು. ಷಿಕಾಗೋದಲ್ಲಿ ಎರಡು ದೊಡ್ಡ ತಂಡಗಳಿವೆ. ಅತ್ತೆಯದು ಯಾವುದೆಂದು ನಾನು ಬಾಯಿ ಬಿಡುವುದಿಲ್ಲ. ಬಿಟ್ಟರೆ ಆ ಊರಿನ ಅರ್ಧ ಕನ್ನಡಿಗರು ಈ ಪ್ರಬಂಧವನ್ನು ಇಲ್ಲಿಗೇ ಮುಚ್ಚುತ್ತಾರೆ.

ಆಟ ತಿಳಿಯದವರಿಗೆ ಇಷ್ಟು ಸಾಕು. ಪಿಚರ್ ಎಂದರೆ ನಮ್ಮ ಬೌಲರ್ ಇದ್ದ ಹಾಗೆ. ಆದರೆ ಓಡಿ ಬರುವಂತಿಲ್ಲ. ನಿಂತಲ್ಲೇ ನಿಂತು, ಮೈಯ ಬಲವನ್ನೆಲ್ಲ ಮೊಣಕೈಗೆ ತಂದು ಎಸೆಯಬೇಕು. ಒಂದು ಮ್ಯಾಚಿಗೆ ಒಂಬತ್ತು ಚಿಕ್ಕ ಇನ್ನಿಂಗ್ಸ್. ಜನರಲ್ ಮ್ಯಾನೇಜರ್, ಚಿಕ್ಕದಾಗಿ ಜಿಎಂ, ಎಂದರೆ ಮೈದಾನಕ್ಕೇ ಇಳಿಯದೆ, ಸೂಟು ಹಾಕಿಕೊಂಡು ಮೇಲೆ ಗಾಜಿನ ಕೋಣೆಯಲ್ಲಿ ಕೂರುವವನು. ಯಾರನ್ನು ತರಬೇಕು, ಯಾರನ್ನು ಬಿಡಬೇಕು, ಯಾರಿಗೆ ಎಷ್ಟು ವರ್ಷದ ಕಾಂಟ್ರಾಕ್ಟ್ ಕೊಡಬೇಕು ಎಂದು ತೀರ್ಮಾನಿಸುವವನು ಅವನೇ. ಒಮ್ಮೆ ಸಹಿ ಬಿದ್ದರೆ ಮುಗಿಯಿತು. ಆಟಗಾರ ಆಡಲಿ, ಆಡದಿರಲಿ, ಅವನನ್ನು ಸಾಕಬೇಕು.

ಅತ್ತೆಯ ತಂಡದ ಜನರಲ್ ಮ್ಯಾನೇಜರು ಮಾಡಿದ್ದೇನೆಂದರೆ, ಮೂವತ್ಮೂರು ದಾಟಿದ, ಮೊಣಕೈಗೆ ಆಗಲೇ ಒಮ್ಮೆ ಕತ್ತರಿ ಬಿದ್ದಿದ್ದ ಈ ಕೆಂಚು ಗಡ್ಡದವನಿಗೆ ಆರು ವರ್ಷದ ಕಾಂಟ್ರಾಕ್ಟ್ ಕೊಟ್ಟದ್ದು. ಸಾಲದೆಂಬಂತೆ, ಇಪ್ಪತ್ನಾಲ್ಕರ ಒಬ್ಬ ಚುರುಕು ಹುಡುಗನನ್ನು ಬೇರೆ ಊರಿಗೆ ಬಿಟ್ಟುಕೊಟ್ಟದ್ದು. ಅಂದಿನಿಂದ ಅತ್ತೆಯ ಮನೆಯಲ್ಲಿ ಸೂತಕ.

ನಾನಿರುವುದು ಡೆಟ್ರಾಯ್ಟ್ ಪಕ್ಕದ ವಾರೆನ್‌ನಲ್ಲಿ, ಅತ್ತೆಯ ಮನೆಯಿಂದ ಐದು ಗಂಟೆ ಡ್ರೈವ್. ಅಷ್ಟು ದೂರವಿದ್ದರೂ ಆ ಮೊಣಕೈ ನನ್ನನ್ನು ಬಿಡಲಿಲ್ಲ. ಒಂದು ಮಧ್ಯಾಹ್ನ ಆಫೀಸಿನಲ್ಲಿ ಮೀಟಿಂಗ್ ನಡೆಯುತ್ತಿದ್ದಾಗ ಫೋನ್ ಬಂತು. ಅತ್ತೆ ಹಲೋ ಕೂಡ ಅನ್ನಲಿಲ್ಲ.

"ಕೈ ಒದರಿದ್ರು ಕಣೇ ಪುಟ್ಟಿ."

ಮಾವನಿಗೇ ಏನೋ ಆಯಿತು ಎಂದುಕೊಂಡೆ. ಮಾವನಿಗೆ ಎಪ್ಪತ್ತು ದಾಟಿದೆ, ಬಿ.ಪಿ. ಇದೆ. ಮೀಟಿಂಗ್‌ನಿಂದ ಎದ್ದು ಹೊರಗೆ ಬಂದು, ಕೋಟು ಹಾಕಿಕೊಳ್ಳುತ್ತಲೇ ಕೇಳಿದೆ: "ಯಾವ ಕೈ ಅತ್ತೆ? ಮಾತು ಸರಿಯಾಗಿ ಬರ್ತಿದೆಯಾ?"

"ಬಲಗೈ. ಮಾತು ಯಾಕೆ ಬರಲ್ಲ?"

"ಮಾವಂಗೆ ಫೋನ್ ಕೊಡಿ."

"ಮಾವಂಗ್ಯಾಕೆ? ಅವರು ಪೇಪರ್ ಓದ್ತಿದಾರೆ. ನಾನು ಹೇಳ್ತಿರೋದು ನಮ್ಮ ಪಿಚರ್ರು. ಮೂರನೇ ಇನ್ನಿಂಗ್ಸ್‌ನಲ್ಲಿ ಎರಡು ಸಲ ಒದರಿದ್ರು. ಟೀವಿಯೋರು ಯಾರೂ ಗಮನಿಸ್ಲೇ ಇಲ್ಲ."

ನಾನು ಅಷ್ಟರಲ್ಲಿ ಮನೆಯಲ್ಲಿ ಎಮರ್ಜೆನ್ಸಿ ಎಂದು ನನ್ನ ಬಾಸ್‌ಗೆ ಕೈಸನ್ನೆ ಮಾಡಿ ಆಗಿತ್ತು. ವಾಪಸ್ ಹೋಗಿ ಏನು ಹೇಳುವುದು? ನಮ್ಮ ಅತ್ತೆಯ ಮೊಣಕೈ ಎಂದೆ. ಮಾರನೆಯ ದಿನ ಆ ಪುಣ್ಯಾತ್ಗಿತ್ತಿ ಕಾಫಿ ಹಿಡಿದು ಬಂದು, "ಆಂಟಿಯ ಮೊಣಕೈ ಹೇಗಿದೆ?" ಎಂದು ನಿಜವಾದ ಕಳಕಳಿಯಿಂದ ಕೇಳಿದಳು. ಇನ್ನೂ ಆರು ವರ್ಷ ಎಳೆಯಬೇಕು ಎಂದೆ.

ಅತ್ತೆಗೆ ಎದುರಾಳಿ ಎಂದರೆ ಒಬ್ಬರೇ, ಅವರ ಬಡಾವಣೆಯಲ್ಲೇ ಎರಡು ಮನೆ ಆಚೆ ಇರುವ ಧಾರವಾಡದ ಅಂಕಲ್. ಸೇತುವೆ ಕಟ್ಟುವ ಎಂಜಿನಿಯರ್; ಅದೇ ತಂಡದ ಭಕ್ತರು. ಆದರೆ ಅತ್ತೆ ಮ್ಯಾನೇಜರನ್ನು ಬೈದರೆ ಅಂಕಲ್‌ಗೆ ತಮ್ಮ ಮಾವನವರನ್ನೇ ಬೈದಂತೆ ಸಿಟ್ಟು. ಅಂಕಲ್ ಮನೆಯ ಸತ್ಯನಾರಾಯಣ ಪೂಜೆಗೆ ನಾನೂ ಹೋಗಿದ್ದೆ. ಸಂಕಲ್ಪದ ಹೊತ್ತಿನಲ್ಲಿ ಪುರೋಹಿತರು, ಮನಸ್ಸಿನಲ್ಲಿ ಇರುವುದನ್ನು ಬೇಡಿಕೊಳ್ಳಿ ಎಂದರು. ಅತ್ತೆ ಕಣ್ಣು ಮುಚ್ಚಿ, ಕೈ ಮುಗಿದು, ತುಟಿ ಅಲುಗಿಸುತ್ತಾ ಬಹಳ ಹೊತ್ತು ಕೂತರು. ಮಾವ ನನ್ನ ಕಡೆ ಬಾಗಿ, "ಅದು ನಮಗಲ್ಲಮ್ಮ, ಆ ಕೈಗೆ" ಎಂದು ಪಿಸುಗುಟ್ಟಿದರು.

ಊಟಕ್ಕೆ ಕೂತ ಮೇಲೆ ಕೋಸಂಬರಿ ಬರುವ ಮೊದಲೇ ವಾದ ಬಂತು.

"ಆರು ವರ್ಷ ಅಂದ್ರ ಏನ್ ಭಾಳ ಆತ್ರಿ ಅಕ್ಕಾರ?" ಎಂದರು ಅಂಕಲ್. "ಒಂದ್ ವರ್ಷ ಕಪ್ ಗೆದ್ದು ಕೊಟ್ಟ ಅಂದ್ರ, ಉಳದ ಐದು ವರ್ಷ ಕುಂತ್ ತಿನ್ಲಿ."

"ಕಪ್ ಗೆಲ್ಲೋಕೆ ಕೈ ಇರಬೇಕಲ್ಲ ಸ್ವಾಮಿ."

"ನೀವು ನಿದ್ದಿ ಬರ್ಸೋ ಡಾಕ್ಟರು. ಕೀಲಿನ ಡಾಕ್ಟರು ನೋಡಿ ಪಾಸ್ ಮಾಡ್ಯಾರ."

"ಕೀಲಿನ ಡಾಕ್ಟರು ಕೀಲು ನೋಡ್ತಾರೆ. ತಲೆ ಹತ್ರ ನಿಂತು ಮನುಷ್ಯನ್ನ ನೋಡ್ತಿದ್ದವಳು ನಾನು." ಅತ್ತೆ ಎಲೆಯ ತುದಿಯ ಉಪ್ಪನ್ನು ಬೆರಳಿನಿಂದ ಎರಡು ಪಾಲು ಮಾಡಿದರು. "ಒಂದು ಮಾತು ಬರೆದಿಟ್ಕೊಳಿ. ಆರನೇ ವರ್ಷ ಬರೋ ಹೊತ್ತಿಗೆ ಈ ಮ್ಯಾನೇಜರ್ ಇರಲ್ಲ. ಸಹಿ ಹಾಕಿದೋನು ಒಬ್ಬ, ಬೈಸ್ಕೊಳೋನು ಇನ್ನೊಬ್ಬ."

"ಹಂಗಲ್ರಿ, ಮನಷ್ಯಾನ ಮ್ಯಾಲ ಭರೋಸಾ ಇಡಬೇಕು."

"ಭರೋಸಾನ ಒಂದು ಒಂದು ವರ್ಷಕ್ಕೆ ಇಡಬಹುದಲ್ಲ?"

ಅಂಕಲ್ ಮಗಳು ಅಡುಗೆಮನೆಯ ಕಡೆ ತಿರುಗಿ, "ಮಾಮ್, ದೇ ಆರ್ ಡೂಯಿಂಗ್ ದ ಜಿಎಂ ಥಿಂಗ್ ಅಗೇನ್" ಎಂದು ಕೂಗಿ ಹೇಳಿದಳು. ಆಂಟಿ ಬಂದು ಇಬ್ಬರ ಎಲೆಗೂ ಎರಡೆರಡು ಹೋಳಿಗೆ ಬಡಿಸಿದರು. ಬಾಯಿ ತುಂಬಿದರೆ ವಾದ ನಿಲ್ಲುತ್ತದೆ ಎಂಬುದು ಅವರ ಲೆಕ್ಕ. ನಿಲ್ಲಲಿಲ್ಲ, ಮಾತು ಅರ್ಥವಾಗುವುದು ಮಾತ್ರ ನಿಂತಿತು.

ಮಾರನೆಯ ದಿನ ತರಕಾರಿಗೆಂದು ಷಿಕಾಗೋದ ಇಂಡಿಯನ್ ಅಂಗಡಿಗಳ ಬೀದಿ ಡೆವನ್ ಅವೆನ್ಯೂಗೆ ಹೋದೆವು. ಅಲ್ಲಿ ಕಾರು ನಿಲ್ಲಿಸಲು ಜಾಗ ಸಿಗುವುದಕ್ಕೆ ಹಿಂದಿನ ಜನ್ಮದಲ್ಲಿ ಕೆರೆ ಕಟ್ಟಿಸಿರಬೇಕು. ಮಾವ ನಮ್ಮಿಬ್ಬರನ್ನು ಇಳಿಸಿ ಜಾಗ ಹುಡುಕಲು ಹೋದರು. ಸೀರೆ ಅಂಗಡಿಯೊಂದರ ಮುಂದೆ ಯುವಕನೊಬ್ಬ ಬಸ್ಸಿಗೆ ಕಾಯುತ್ತಿದ್ದ. ಅವನ ಬೆನ್ನ ಮೇಲೆ ನಮ್ಮ ಮೊಣಕೈಯ ಒಡೆಯನ ಹೆಸರಿನ ಜರ್ಸಿ. ನಾನು ತಡೆಯುವಷ್ಟರಲ್ಲಿ ಅತ್ತೆ ಅವನ ಬಲಗೈ ಹಿಡಿದಾಗಿತ್ತು.

"ಐ ಯಾಮ್ ಎ ಡಾಕ್ಟರ್" ಎಂದು ಧೈರ್ಯ ಹೇಳಿ, ಕೈ ಮಡಿಸಿ, ಮೊಣಕೈಯ ಒಳಭಾಗ ಒತ್ತಿ, ಹೊಲಿಗೆ ಎಲ್ಲಿದೆ, ಅದು ಯಾವ ಕೋನದಲ್ಲಿ ಬಿಟ್ಟುಕೊಳ್ಳುತ್ತದೆ, ಆರು ವರ್ಷ ಏಕೆ ಮೂರ್ಖತನ, ಎಲ್ಲವನ್ನೂ ವಿವರಿಸಿದರು. ಅವನು ಒಳ್ಳೆಯ ಮನೆತನದ ಹುಡುಗ, ಕೈ ಎಳೆದುಕೊಳ್ಳಲಿಲ್ಲ. ಕೊನೆಗೆ ಹಿಂದಿಯಲ್ಲಿ ಮೆಲ್ಲಗೆ ಹೇಳಿದ: ಆಂಟಿ, ಈ ಅಂಗಿ ನನಗೆ ಸೇಲ್‌ನಲ್ಲಿ ಸಿಕ್ಕಿತು. ಈ ಆಟ ನನಗೆ ಗೊತ್ತಿಲ್ಲ.

ಇಷ್ಟಾದರೂ ಅತ್ತೆಗೆ ಮುಜುಗರವಾಯಿತೇ? ಇಲ್ಲ. ಅವನು ಬಸ್ಸು ಹತ್ತಿದ ಮೇಲೆ ನನ್ನ ಕಡೆ ತಿರುಗಿದರು.

"ಕೇಳಿಸ್ಕೊಂಡ್ಯಾ? ಅವನ ಅಂಗಿ ಆಗಲೇ ಸೇಲ್‌ಗೆ ಹಾಕಿದಾರೆ. ಬಟ್ಟೆ ಅಂಗಡಿಯೋರಿಗೆ ಗೊತ್ತಾಗಿದೆ, ಮ್ಯಾನೇಜರಿಗೆ ಗೊತ್ತಾಗಿಲ್ಲ."

ನಾನೂ ನಕ್ಕೆ. ಆದರೆ ಆ ಬೇಸಗೆಯಲ್ಲಿ ಕಾಂಟ್ರಾಕ್ಟ್ ಎಂಬ ಮಾತು ಕಿವಿಗೆ ಬಿದ್ದರೆ ನಾನು ಫೋನ್ ತೆಗೆದು ತಾರೀಖು ನೋಡುತ್ತಿದ್ದೆ. ವಾರೆನ್‌ನಲ್ಲಿ ನಾನು ಕೆಲಸ ಮಾಡುತ್ತಿದ್ದುದು ಕಾರಿನ ಸೀಟುಗಳನ್ನು ವಿನ್ಯಾಸ ಮಾಡುವ ಒಂದು ಸಣ್ಣ ಕಂಪನಿಯಲ್ಲಿ. ಕಾಯಂ ಅಲ್ಲ, ಕಾಂಟ್ರಾಕ್ಟ್. ಆರು ತಿಂಗಳಿಗೊಮ್ಮೆ ಮುಂದುವರಿಸುತ್ತಿದ್ದರು. ಪ್ರತಿ ಸಲವೂ ಕೊನೆಯ ವಾರದಲ್ಲಿ, ನಾನು ಉಗುರೆಲ್ಲ ಕಚ್ಚಿ ಮುಗಿಸಿದ ಮೇಲೆ. ಅತ್ತೆ ಫೋನಿನಲ್ಲಿ "ಮೂವತ್ಮೂರು ದಾಟಿದವರಿಗೆ ಆರು ವರ್ಷ ಯಾರಾದ್ರೂ ಕೊಡ್ತಾರಾ?" ಎಂದು ಕೇಳುವಾಗ ನಾನು ಹೂಂಗುಟ್ಟುತ್ತಿದ್ದೆ. ನನಗೆ ನಲವತ್ತೊಂದು. ಆರು ವರ್ಷವಿರಲಿ, ದೀಪಾವಳಿಗೆ ಕೆಲಸ ಇರುತ್ತದೆಯೇ ಎಂದು ಯಾರಾದರೂ ಹೇಳಿದ್ದರೆ ಸಾಕಿತ್ತು.

ಆ ಬೇಸಗೆ ಮುಗಿಯುವ ಮೊದಲೇ ಹೇಳಿದರು. ಒಂದು ಶುಕ್ರವಾರ ನನ್ನ ಬಾಸ್ ಬಾಗಿಲು ಹಾಕಿ, ಕಣ್ಣು ತಪ್ಪಿಸಿ ಮಾತಾಡಿದಳು. ಕೆಲಸದಲ್ಲಿ ಲೋಪವಿಲ್ಲ, ಪ್ರಾಜೆಕ್ಟೇ ಇಲ್ಲ, ಈ ಸಲ ಮುಂದುವರಿಸಲು ಆಗುವುದಿಲ್ಲ. ಆಂಟಿಗೆ ನನ್ನ ನಮಸ್ಕಾರ ತಿಳಿಸು ಎಂದೂ ಸೇರಿಸಿದಳು. ನಾನು ಯಾರಿಗೂ ಹೇಳಲಿಲ್ಲ. ಮಾರನೆಯ ದಿನ ಹಾಫ್‌ಮನ್ ಎಸ್ಟೇಟ್ಸ್‌ಗೆ ಹೊರಡಬೇಕಿತ್ತು. ಭಾನುವಾರದ ಮ್ಯಾಚಿಗೆ ಅತ್ತೆ ತಿಂಗಳ ಹಿಂದೆಯೇ ಟಿಕೆಟ್ ತೆಗೆಸಿದ್ದರು. ಮಿಷಿಗನ್ ದಾಟುವವರೆಗೂ, ಅವರಿಗೆ ಹೇಗೆ ಹೇಳಲಿ ಎಂದು ಕಾರಿನಲ್ಲಿ ಗಟ್ಟಿಯಾಗಿ ಅಭ್ಯಾಸ ಮಾಡಿದೆ. ಇಂಡಿಯಾನಾದಲ್ಲಿ, ಹೇಳುವುದೇ ಬೇಡ ಎಂದು ತೀರ್ಮಾನಿಸಿದೆ.

ಭಾನುವಾರ ಮಧ್ಯಾಹ್ನ ಮೈದಾನದಲ್ಲಿ ಅತ್ತೆ, ಮಾವ, ಧಾರವಾಡದ ಅಂಕಲ್, ನಾನು ಸಾಲಾಗಿ ಕೂತೆವು. ಎಸೆಯುತ್ತಿದ್ದವನು ಅವನೇ. ಅಂಕಲ್ ಕೆಣಕಿದರೂ ಅತ್ತೆ ತಿರುಗಲಿಲ್ಲ. ನಾಲ್ಕು ಇನ್ನಿಂಗ್ಸ್ ಚೆನ್ನಾಗಿಯೇ ಎಸೆದ. ಐದನೆಯದರಲ್ಲಿ ಒಂದು ಚೆಂಡು ಬ್ಯಾಟುಗಾರನ ಹತ್ತಿರವೂ ಹೋಗದೆ ಎಲ್ಲೋ ಹಾರಿತು. ಅವನು ಕೈ ಒದರಿದ. ಇನ್ನೊಂದು ಎಸೆದ. ಆಮೇಲೆ ಎಡಗೈಯಿಂದ ಬಲ ಮೊಣಕೈ ಹಿಡಿದುಕೊಂಡು ಬಾಗಿ ನಿಂತ.

ತಂಡದ ಡಾಕ್ಟರು ಓಡಿಬಂದರು. ಒಂದೆರಡು ಮಾತಾಯಿತು. ಅವನು ತಲೆ ಅಲ್ಲಾಡಿಸಿ ಹೊರಗೆ ನಡೆಯತೊಡಗಿದ. ಆಗ ಮೈದಾನದ ಒಂದು ಮೂಲೆಯಿಂದ ಶುರುವಾಯಿತು, ಊಊ ಎಂಬ ಆ ಧಿಕ್ಕಾರ. ನೋಡನೋಡುತ್ತಾ ಅದು ಸುತ್ತ ಹಬ್ಬಿತು. ನಮ್ಮ ಹಿಂದಿನ ಸಾಲಿನವನೊಬ್ಬ ಬಾಯಿಗೆ ಎರಡೂ ಕೈ ಹಿಡಿದು, "ಇನ್ನೂ ಐದು ವರ್ಷ ಬಾಕಿ ಇದೆ ಕಣೋ" ಎಂದು ಇಂಗ್ಲಿಷಿನಲ್ಲಿ ಕಿರುಚಿದ. ಮನುಷ್ಯನ ಮೇಲೆ ಭರೋಸಾ ಇಡಬೇಕೆಂದಿದ್ದ ನಮ್ಮ ಅಂಕಲ್ ಕೂಡ ಗಂಟಲೆತ್ತಿ ಊಊ ಎನ್ನುತ್ತಿದ್ದರು.

ಅತ್ತೆ ಎದ್ದು ನಿಂತರು. ಇಷ್ಟು ದಿನ ಹೇಳಿದ್ದು ನಿಜವಾಯಿತಲ್ಲ, ಈಗ ಇವರು ಊರಿಗೆ ಕೇಳುವ ಹಾಗೆ ಏನೋ ಹೇಳುತ್ತಾರೆ ಎಂದು ನಾನು ತಲೆ ತಗ್ಗಿಸಿದೆ. ಅತ್ತೆ ಚಪ್ಪಾಳೆ ತಟ್ಟಿದರು. ಆ ಗದ್ದಲದಲ್ಲಿ ಅದು ನನಗೇ ಸರಿಯಾಗಿ ಕೇಳಿಸಲಿಲ್ಲ. ಅವನು ತಲೆ ಬಗ್ಗಿಸಿ ಒಳಗೆ ಮರೆಯಾಗುವವರೆಗೂ ನಿಲ್ಲಿಸದೆ ತಟ್ಟಿದರು. ಸ್ವಲ್ಪ ಹೊತ್ತಿಗೆ ಮಾವನೂ ಎದ್ದು, ಏಕೆಂದು ಕೇಳದೆ, ಜೊತೆಗೆ ತಟ್ಟಿದರು.

ಅಂಕಲ್ ಬಾಯಿ ಮುಚ್ಚಿದರು. "ಅಕ್ಕಾರ, ನೀವು ಹೇಳಿದ್ದು ಖರೇ ಆತು. ಈಗ ಚಪ್ಪಾಳಿ ಯಾಕ್ರಿ?"

"ಕೊಟ್ಟೋನು ತಪ್ಪು ಮಾಡ್ದ ಅಂದೆ. ಇವನೇನು ತಪ್ಪು ಮಾಡ್ದ ಅಂದೆನಾ?" ಅತ್ತೆಯ ದನಿ ಸಣ್ಣಗಿತ್ತು. "ಕೆಲಸ ಇದೆ ಬಾ ಅಂದ್ರು, ಬಂದ. ನೋವು ಇಟ್ಕೊಂಡೇ ಎಸೆದ. ಈಗ ಹೋಗು ಅಂದ್ರೆ, ಹಿಂಗಾ ಕಳ್ಸೋದು?"

ಅಂಕಲ್ ಟೋಪಿ ತೆಗೆದು ಮಡಿಲಲ್ಲಿಟ್ಟುಕೊಂಡರು.

ನಾನು ಮೈದಾನದ ಕಡೆ ಮುಖ ಮಾಡಿ ಕೂತಿದ್ದೆ. ಹೊಸ ಪಿಚರ್ ಬಂದು ಕೈ ಸಡಿಲಿಸಿಕೊಳ್ಳುತ್ತಿದ್ದ. ಅವನು ಒಬ್ಬನೋ ಇಬ್ಬರೋ ಎಂಬಂತೆ ಮಸುಕಾಗಿ ಕಾಣುತ್ತಿದ್ದ. ಅತ್ತೆ ಕೂತರು. ನನ್ನ ಕಡೆ ನೋಡದೆಯೇ ನನ್ನ ಮಣಿಕಟ್ಟು ಹಿಡಿದರು. ಹೆಬ್ಬೆರಳಲ್ಲ, ಎರಡು ಬೆರಳು, ನಾಡಿಯ ಮೇಲೆ.

"ನಿನ್ನೆ ಕಾರಿಂದ ಇಳಿದಾಗಿಂದ ನೋಡ್ತಿದೀನಿ, ಪುಟ್ಟಿ. ಉಸಿರು ಬಿಗಿ ಹಿಡ್ಕೊಂಡೇ ಓಡಾಡ್ತಿದೀಯ. ಏನಾಯ್ತು?"

ಕಾರಿನಲ್ಲಿ ಅಭ್ಯಾಸ ಮಾಡಿದ್ದ ಒಂದು ವಾಕ್ಯವೂ ನೆನಪಿಗೆ ಬರಲಿಲ್ಲ. "ಮುಂದುವರಿಸಲ್ಲ ಅಂದ್ರು ಅತ್ತೆ. ಶುಕ್ರವಾರ" ಎಂದೆ.

ಯಾರು, ಏಕೆ, ಇನ್ನು ಏನು ಮಾಡ್ತೀಯ ಎಂದು ಅತ್ತೆ ಕೇಳಲಿಲ್ಲ. ಪಕ್ಕದಲ್ಲಿ ಜನ ಎದ್ದು ಕೂಗಿದರು. ಏನೋ ದೊಡ್ಡ ಹೊಡೆತ ಬಿದ್ದಿರಬೇಕು. ಅಂಕಲ್ ಸ್ಕೋರು ಹೇಳಿದರು. ಅತ್ತೆ ಆ ಕಡೆ ತಿರುಗಲಿಲ್ಲ.

"ನಿಧಾನಕ್ಕೆ ಉಸಿರು ತಗೋ" ಎಂದರು. ಆಪರೇಷನ್ ಟೇಬಲ್ಲಿನ ಮೇಲೆ ಮಲಗಿದ್ದ ಅದೆಷ್ಟು ಜನ ಆ ದನಿ ಕೇಳಿದ್ದರೋ. "ಹ್ಞಾ. ಈಗ ಬಿಡು. ನಾನು ಇಲ್ಲೇ ಇದೀನಿ."

ಬಿಟ್ಟೆ.

"ಇನ್ನೊಂದು ಸಲ" ಎಂದರು.