ನನ್ನ ಫೋನಿಗೆ ಬಂದ ಗೌರಮ್ಮನವರ ನೋಟೀಸು

ನಾನು ನಿಂತಿದ್ದುದು ಎರಡನೆಯ ಕೌಂಟರಿನ ಎಡಗಡೆ, ಗಾಜಿನಿಂದ ಒಂದು ಮೊಳ ದೂರದಲ್ಲಿ. ಮಂಗಳವಾರ, ಬೆಳಿಗ್ಗೆ ಹನ್ನೊಂದು ಗಂಟೆ ಹತ್ತು ನಿಮಿಷ. ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಅಲ್ಲಿ ಕಂಡದ್ದನ್ನು ಮನೆಯಲ್ಲಿ ಹೇಳಿದಾಗ ನನ್ನ ಹೆಂಡತಿಯೇ ನಂಬಲಿಲ್ಲ. ಕಚೇರಿಯ ಹೆಸರು ಬೇಡ. ಶಂಕರಪುರದ ನಮ್ಮ ವಠಾರದಿಂದ ನಡೆದರೆ ಆರು ನಿಮಿಷ.

ನಮ್ಮ ವಠಾರದಲ್ಲಿ ಏಳು ಮನೆ, ಡೋರ್ ನಂಬರ್ ಒಂದೇ. ಹಿಂದಿನ ಮನೆಯ ಗೌರಮ್ಮನವರು ಹೂಬತ್ತಿ ಹೊಸೆದು ಬಳೇಪೇಟೆಯ ಅಂಗಡಿಗಳಿಗೆ ಕೊಡುತ್ತಾರೆ. ಒಬ್ಬರೇ ಇರುವುದು. ಅವರ ಫೋನಿನಲ್ಲಿ ಎಂದೂ ಕರೆನ್ಸಿ ಇರುವುದಿಲ್ಲ, ಹಾಗಾಗಿ ಯಾವ ಫಾರಂ ತುಂಬಿಸಿದರೂ, ‘ಮೇಷ್ಟ್ರ ನಂಬರ್ ಹಾಕ್ಕೊಳ್ಳಿ’ ಅನ್ನುತ್ತಾರೆ. ಮೇಷ್ಟ್ರು ನಾನೇ. ನಿವೃತ್ತನಾದ ಮೇಲೆ ಒಬ್ಬರಾದರೂ ನನ್ನನ್ನು ನೆಚ್ಚಿದ್ದಾರಲ್ಲ ಎಂದು ಒಳಗೊಳಗೇ ಖುಷಿ. ಓಟಿಪಿ ಬಂದರೆ ಅಂಗಳಕ್ಕೆ ಇಳಿದು, ಹಾಜರಿ ಕೂಗುವ ದನಿಯಲ್ಲಿ ಆರು ಅಂಕಿಗಳನ್ನೂ ಬಿಡಿಬಿಡಿಯಾಗಿ ಕೂಗುತ್ತಿದ್ದೆ. ಗುಟ್ಟಾಗಿಡಬೇಕು ಎಂದು ಅದರಲ್ಲೇ ಬರೆದಿರುತ್ತದೆ, ಅದನ್ನೂ ಕೂಗುತ್ತಿದ್ದೆ.

ಆ ಮಂಗಳವಾರ ಹೋದದ್ದು ಗೌರಮ್ಮನವರ ರೇಷನ್ ಅಕ್ಕಿ ನಿಂತಿತೆಂದು, ಅವರನ್ನೂ ಕರೆದುಕೊಂಡು. ಕೌಂಟರಿನ ರೇಖಾ ಎಂಬ ಹುಡುಗಿ ಪರದೆಯನ್ನು ನಮ್ಮ ಕಡೆ ತಿರುಗಿಸಿದಳು. ಕುಟುಂಬದ ಯಜಮಾನ: ನಾನು. ಸದಸ್ಯರು: ನನ್ನ ಹೆಂಡತಿ, ಗೌರಮ್ಮ. ಅರವತ್ತೆಂಟನೆಯ ವಯಸ್ಸಿನಲ್ಲಿ ನನ್ನ ಸಂಸಾರ ಬೆಳೆದ ವಿಷಯ ಸರ್ಕಾರಕ್ಕೆ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ.

“ನಾವ್ ಮಾಡಿದ್ದಲ್ಲ ಸಾರ್, ಸಿಸ್ಟಮ್ಮು,” ಅಂದಳು ರೇಖಾ. “ಎಲ್ಲಾ ಇಲಾಖೆ ಡೇಟಾ ಸೇರಿಸಿ ನೋಡುತ್ತೆ. ಒಂದೇ ಫೋನು, ಒಂದೇ ಡೋರ್ ನಂಬರ್ರು. ಒಂದೇ ಫ್ಯಾಮಿಲಿ ಅಂತ ಊಹೆ ಮಾಡಿದೆ. ನೀವು ಟ್ಯಾಕ್ಸ್ ಕಟ್ತೀರಲ್ಲ, ಅದಕ್ಕೇ ಇವರ ಕಾರ್ಡ್ ರದ್ದಾಗಿದೆ.”

“ಅಯ್ಯೋ ನಮ್ಮಮ್ಮಾ, ಇವ್ರು ನನಗೇನಾಗ್ಬೇಕು?” ಗೌರಮ್ಮನವರು ಹೌಹಾರಿದರು. “ಒಂದಿನ ಇವರ ಮನೇಲಿ ಉಂಡಿಲ್ಲ. ಇವ್ರ ಹೆಂಡ್ತಿ ಎಲ್ಲಕ್ಕೂ ಉಪ್ಪು ಜಾಸ್ತಿ ಹಾಕ್ತಾರೆ.”

ನನಗೆ ರೇಗಿತು. ಮೂವತ್ತು ವರ್ಷ ಪೌರನೀತಿ ಪಾಠ ಮಾಡಿದ ಬಾಯಿ. “ಒಬ್ಬ ಬಡ ಹೆಂಗಸಿನ ಅನ್ನ ಕಿತ್ತುಕೊಳ್ಳೋ ಮುಂಚೆ ಒಂದು ಮಾತು ಕೇಳಬೇಡವೇನಮ್ಮ? ಯಂತ್ರ ಊಹೆ ಮಾಡಿತು, ಸರಿ. ಆರು ನಿಮಿಷ ನಡೆದು ಬಂದು ನೋಡೋಕೆ ಮನುಷ್ಯರಿಗೆ ಕಾಲಿಲ್ಲವೆ?” ಸಾಲಿನಲ್ಲಿದ್ದ ಇಬ್ಬರು ತಲೆಯಾಡಿಸಿದ್ದರಿಂದ ಇನ್ನೂ ಸ್ವಲ್ಪ ಹೇಳಿದೆ.

ಮುಗಿಯುವವರೆಗೆ ರೇಖಾ ಕಾದಳು. “ಕೇಳಿದೀವಿ ಸಾರ್. ಮೂರು ಸಲ. ಹದಿನೈದು ದಿನದಲ್ಲಿ ಆಕ್ಷೇಪಣೆ ಇದ್ರೆ ತಿಳಿಸಿ ಅಂತ ಮೆಸೇಜ್ ಹೋಗಿದೆ. ತಲುಪಿದೆ ಅಂತಾನೂ ಬಂದಿದೆ.” ಬೆರಳಿಟ್ಟು ನಂಬರು ತೋರಿಸಿದಳು. ನನ್ನದೇ.

“ಅಯ್ಯೋ, ನಾನೇ ಅಳಿಸಿಬಿಟ್ಟಿದೀನಿ,” ಎಂದು ಇಬ್ಬರೆದುರೂ ಒಪ್ಪಿಕೊಂಡೆ. ಓಟಿಪಿ ಬಿಟ್ಟು ಗುರುತಿಲ್ಲದ ಮೆಸೇಜುಗಳೆಲ್ಲ ಮೋಸಗಾರರವು, ತೆರೆಯದೆ ಅಳಿಸಿಬಿಡಬೇಕು ಎಂದು ಯಾರೋ ಹೇಳಿದ್ದನ್ನು ನಾನು ವ್ರತದಂತೆ ಪಾಲಿಸುತ್ತಿದ್ದೆ. ಬೆಳಗಿನ ಕಾಫಿ ಆದ ಮೇಲೆ ಕೂತು ಅಳಿಸುವುದು. ‘ಪ್ರಿಯ ಫಲಾನುಭವಿಗಳೇ’ ಎಂದು ಶುರುವಾಗುವ ಒಂದನ್ನು ಅಳಿಸಿ, ‘ನನ್ನ ಹತ್ರ ಇವರ ಆಟ ನಡೆಯಲ್ಲ’ ಎಂದು ಹೆಂಡತಿಗೆ ಹೇಳಿದ್ದೂ ನೆನಪಾಯಿತು. ನಮ್ಮ ಬಾಗಿಲಿಂದ ಗೌರಮ್ಮನವರ ಬಾಗಿಲಿಗೆ ಹನ್ನೊಂದು ಹೆಜ್ಜೆ.

ಹೊಸ ಆಕ್ಷೇಪಣೆ ಸಲ್ಲಿಸಲು ಓಟಿಪಿ ಬೇಕಂತೆ. ನನ್ನ ಜೇಬಿನಲ್ಲೇ ಫೋನು ಸದ್ದು ಮಾಡಿತು.

“ಓದಿ ಮೇಷ್ಟ್ರೇ,” ಅಂದರು ಗೌರಮ್ಮನವರು. “ಇದೊಂದನ್ನಾದ್ರೂ ಅಳಿಸ್ಬೇಡಿ.”

ತನಿಖೆಗೆ ಇನ್ನೂ ಯಾರೂ ಬಂದಿಲ್ಲ. ಅಲ್ಲಿಯವರೆಗೆ ಅವರಿಗೆ ನಮ್ಮ ಡಬ್ಬಿಯಿಂದಲೇ ಅಕ್ಕಿ. ಯಂತ್ರದ ತಪ್ಪು ಊಹೆಯನ್ನು ದಿನಾ ಪಾವಿನಲ್ಲಿ ಅಳೆದು ನಾನೇ ನಿಜ ಮಾಡುತ್ತಿದ್ದೇನೆ.

ಇದನ್ನು ಕಂಡವರು ಎರಡನೆಯ ಕೌಂಟರಿನ ರೇಖಾ ಮತ್ತು ಗೌರಮ್ಮನವರು. ಇಬ್ಬರೂ ಇದ್ದಾರೆ, ವಿಚಾರಿಸಬಹುದು. ಗೌರಮ್ಮನವರನ್ನು ವಿಚಾರಿಸುವುದಾದರೆ ದಯವಿಟ್ಟು ನಡೆದೇ ಬನ್ನಿ. ಫೋನ್ ಮಾಡಿದರೆ ಎತ್ತುವವನು ನಾನು.